‘ಹುಟ್ಟುಗುಣ ಸುಟ್ಟರೂ ಹೋಗದು’: ಈ ಗಾದೆಯನ್ನು ಮಕ್ಕಳಿಂದ ವಿಸ್ತರಿಸಿ ಬರೆಸಬೇಕೇ?

ಕನ್ನಡ ಟೀಚರ್ (ತುಮಕೂರು ಜಿಲ್ಲೆ)

ಎಲ್ಲರಿಗೂ ನಮಸ್ಕಾರ. ನಾನು 16 ವರ್ಷಗಳಿಂದ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೇನೆ. ಗಾದೆ ವಿಸ್ತರಣೆ ಎಂದರೆ ನಮ್ಮ ಮಕ್ಕಳಿಗೆ ಕಂಠಪಾಠ. ‘ಗಾದೆಗಳು ವೇದಗಳಿಗೆ ಸಮಾನ, ವೇದ ಸುಳ್ಳಾದರೂ ಗಾದೆ ಸುಳ್ಳಾಗದು’ ಎಂಬ ಸಾಲಿನಿಂದಲೇ ಎಲ್ಲರ ಉತ್ತರವೂ ಆರಂಭವಾಗುತ್ತದೆ. ಆ ಸಾಲನ್ನು ಬರೆಸಿದವಳು ನಾನೇ. ಈಗ ಅದರ ಬಗ್ಗೆಯೇ ನನಗೆ ಅನುಮಾನ ಹುಟ್ಟಿದೆ.

ಹೋದ ತಿಂಗಳು ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗಿಯ ಹೊಸ ಜಾಮಿಟ್ರಿ ಬಾಕ್ಸ್ ಕಾಣೆಯಾಯಿತು. ನಲವತ್ತೆರಡು ಮಕ್ಕಳಿರುವ ತರಗತಿಯಲ್ಲಿ ನಾನು ಚೀಲ ಬಿಚ್ಚಿ ತೋರಿಸೆಂದು ಕೇಳಿದ್ದು ಒಬ್ಬನೇ ಹುಡುಗನನ್ನು. ಅವನು ಊರ ಹೊರಗಿನ ಗುಡಿಸಲುಗಳಿಂದ ಬರುತ್ತಾನೆ. ಅವನ ಹಿರಿಯರು ಅಲೆಮಾರಿಗಳಾಗಿದ್ದವರು. ಅವನ ಚೀಲದಲ್ಲಿ ಎರಡು ನೋಟ್ ಪುಸ್ತಕ, ತುದಿ ಮುರಿದ ಒಂದು ಸ್ಕೇಲು ಮತ್ತು ಬಿಸಿಯೂಟದ ತಟ್ಟೆ ಇದ್ದವು. ಮೂರನೆಯ ದಿನ ಬಾಕ್ಸ್ ಆ ಹುಡುಗಿಯ ಟ್ಯೂಷನ್ ಮನೆಯಲ್ಲಿ ಸಿಕ್ಕಿತು.

ಮರುವಾರ ‘ಹುಟ್ಟುಗುಣ ಸುಟ್ಟರೂ ಹೋಗದು’ ಗಾದೆಯನ್ನು ವಿಸ್ತರಿಸಲು ಕೊಟ್ಟಿದ್ದೆ. ಒಬ್ಬ ವಿದ್ಯಾರ್ಥಿ ಮುತ್ತಿನಂತಹ ಅಕ್ಷರಗಳಲ್ಲಿ, ‘ಕಳ್ಳರ ಕುಲದಲ್ಲಿ ಹುಟ್ಟಿದವನು ಎಷ್ಟು ಓದಿದರೂ ಕಳ್ಳನೇ ಆಗುತ್ತಾನೆ’ ಎಂದು ಉದಾಹರಣೆ ಬರೆದಿದ್ದ. ನಾನು ಕೆಂಪು ಶಾಯಿಯಲ್ಲಿ ಸರಿ ಗುರುತು ಹಾಕಿ, ಪುಟ ತಿರುಗಿಸಿದ ಮೇಲೆ ನನ್ನ ಕೈ ನಿಂತಿತು.

ನನ್ನ ಪ್ರಶ್ನೆ ಇದು: ಪೂರ್ವಗ್ರಹ ಎನ್ನುವುದು ಮನಸ್ಸು ತಾನಾಗಿ ಮಾಡುವ ತಪ್ಪೋ, ಅಥವಾ ಇಂತಹ ಗಾದೆ, ಕಥೆ, ಬೈಗುಳಗಳ ಮೂಲಕ ನಾವೇ ಮಕ್ಕಳ ಮನಸ್ಸಿಗೆ ಇಳಿಸುವ ವಿಷಯವೋ? ಈ ಗಾದೆಯನ್ನು ಪಾಠದಿಂದ ಕೈಬಿಡಬೇಕೇ?

ಗಾದೆಪ್ರಿಯ

ಟೀಚರ್, ನಿಮ್ಮ ಕಳಕಳಿಯನ್ನು ಗೌರವಿಸುತ್ತೇನೆ, ಆದರೆ ತಪ್ಪನ್ನು ಗಾದೆಯ ತಲೆಗೆ ಕಟ್ಟುತ್ತಿದ್ದೀರಿ. ಆ ಗಾದೆ ಒಬ್ಬ ವ್ಯಕ್ತಿಯ ಸ್ವಭಾವದ ಬಗ್ಗೆ ಹೇಳುತ್ತದೆಯೇ ಹೊರತು ಯಾವ ಜಾತಿಯ ಹೆಸರನ್ನೂ ಎತ್ತುವುದಿಲ್ಲ. ಸಿಡುಕಿನ ಮನುಷ್ಯ ಮುಪ್ಪಿನಲ್ಲಿಯೂ ಸಿಡುಕುತ್ತಾನೆ ಎಂಬುದು ನಮ್ಮೆಲ್ಲರ ಮನೆಗಳಲ್ಲಿ ಕಂಡ ಸತ್ಯವಲ್ಲವೇ? ನೂರಾರು ವರ್ಷಗಳ ಅನುಭವವನ್ನು ಹಿರಿಯರು ಒಂದು ಸಾಲಿಗೆ ಇಳಿಸಿದ್ದಾರೆ. ಅದನ್ನು ಒಬ್ಬ ಹುಡುಗ ತಪ್ಪಾಗಿ ಬಳಸಿದ ಮಾತ್ರಕ್ಕೆ ಪಾಠದಿಂದಲೇ ತೆಗೆಯುವುದಾದರೆ ನಾಳೆ ಇಡೀ ಗಾದೆಗಳ ಭಂಡಾರವನ್ನೇ ಬಾಗಿಲು ಹಾಕಬೇಕಾಗುತ್ತದೆ.

ಬೆಳವಲದವ

ಹಿರಿಯರು ‘ಸಹವಾಸ ದೋಷದಿಂದ ಸನ್ಯಾಸಿ ಕೆಟ್ಟ’ ಎಂದೂ ಹೇಳಿದ್ದಾರಲ್ಲ ಸರ್. ಹುಟ್ಟುಗುಣ ಸುಟ್ಟರೂ ಹೋಗದಿದ್ದರೆ ಸನ್ಯಾಸಿ ಕೆಟ್ಟದ್ದು ಹೇಗೆ? ಎರಡೂ ವೇದಕ್ಕೆ ಸಮಾನವಾಗಲು ಸಾಧ್ಯವಿಲ್ಲ. ನಾವು ಮೊದಲೇ ತೀರ್ಮಾನ ಮಾಡಿಕೊಂಡು, ಆಮೇಲೆ ಅದಕ್ಕೆ ಹೊಂದುವ ಗಾದೆಯನ್ನು ಹುಡುಕುತ್ತೇವೆ. ನಮ್ಮ ಮನೆಯ ಹುಡುಗ ದಾರಿ ತಪ್ಪಿದರೆ ಸಹವಾಸ ದೋಷ ಎನ್ನುತ್ತೇವೆ. ಇನ್ನೊಂದು ಕೇರಿಯ ಹುಡುಗ ದಾರಿ ತಪ್ಪಿದರೆ ಹುಟ್ಟುಗುಣ ಎನ್ನುತ್ತೇವೆ.

ಮೈಸೂರಿನ ಮನಶ್ಶಾಸ್ತ್ರ ವಿದ್ಯಾರ್ಥಿನಿ

ಬೆಳವಲದವರು ಹೇಳಿದ್ದು ನಾವು ತರಗತಿಯಲ್ಲಿ ಓದುವ ವಿಷಯವೇ ಆಗಿದೆ. ನಮ್ಮವರು ತಪ್ಪು ಮಾಡಿದಾಗ ಸಂದರ್ಭವನ್ನೂ, ಹೊರಗಿನವರು ತಪ್ಪು ಮಾಡಿದಾಗ ಸ್ವಭಾವವನ್ನೂ ಕಾರಣವಾಗಿ ಕಾಣುವುದು ಮನಸ್ಸಿನ ಒಂದು ಹಳೆಯ ಅಭ್ಯಾಸ.

ಟೀಚರ್ ಕೇಳಿದ ಮೊದಲ ಪ್ರಶ್ನೆಗೆ ಒಂದು ಪ್ರಯೋಗವನ್ನು ಹೇಳುತ್ತೇನೆ. 1976ರಲ್ಲಿ ಹ್ಯಾಮಿಲ್ಟನ್ ಮತ್ತು ಗಿಫರ್ಡ್ ಎಂಬ ಇಬ್ಬರು ಅಮೆರಿಕದ ಮನಶ್ಶಾಸ್ತ್ರಜ್ಞರು ಜನರಿಗೆ 39 ವಾಕ್ಯಗಳನ್ನು ಓದಲು ಕೊಟ್ಟರು. ಪ್ರತಿ ವಾಕ್ಯವೂ ಒಂದು ಗುಂಪಿನ ಒಬ್ಬ ಸದಸ್ಯ ಮಾಡಿದ ಒಳ್ಳೆಯ ಅಥವಾ ಕೆಟ್ಟ ಕೆಲಸದ ಬಗ್ಗೆ ಇತ್ತು. ಗುಂಪುಗಳಿಗೆ ‘ಎ’ ಮತ್ತು ‘ಬಿ’ ಎಂಬುದರ ಹೊರತು ಬೇರೆ ಹೆಸರಿರಲಿಲ್ಲ. ದೊಡ್ಡ ಗುಂಪಿನ ಬಗ್ಗೆ 26 ವಾಕ್ಯಗಳು, ಅವುಗಳಲ್ಲಿ 18 ಒಳ್ಳೆಯವು, 8 ಕೆಟ್ಟವು. ಚಿಕ್ಕ ಗುಂಪಿನ ಬಗ್ಗೆ 13 ವಾಕ್ಯಗಳು, ಅವುಗಳಲ್ಲಿ 9 ಒಳ್ಳೆಯವು, 4 ಕೆಟ್ಟವು. ಲೆಕ್ಕ ಹಾಕಿ ನೋಡಿ, ಎರಡರಲ್ಲಿಯೂ ಒಳ್ಳೆಯದು ಕೆಟ್ಟದ್ದರ ಪ್ರಮಾಣ ಒಂದೇ. ಆದರೂ ಓದಿದವರು ಕೆಟ್ಟ ಕೆಲಸಗಳನ್ನು ಇರುವುದಕ್ಕಿಂತ ಹೆಚ್ಚಾಗಿ ಚಿಕ್ಕ ಗುಂಪಿನ ಹೆಸರಿಗೆ ಹಚ್ಚಿದರು. ಅಪರೂಪದ ಗುಂಪು, ಅಪರೂಪದ ಘಟನೆ, ಇವೆರಡೂ ಒಟ್ಟಿಗೆ ಬಂದರೆ ಅದು ಮನಸ್ಸಿನಲ್ಲಿ ಅಚ್ಚೊತ್ತಿದಂತೆ ಕುಳಿತುಬಿಡುತ್ತದೆ.

ಅಲ್ಲಿ ಜಾತಿಯಾಗಲಿ, ಧರ್ಮವಾಗಲಿ, ಗಾದೆಯಾಗಲಿ ಇರಲಿಲ್ಲ ಎಂಬುದನ್ನು ಗಮನಿಸಿ. ಹಾಗಾಗಿ ಮನಸ್ಸು ನಿರಪರಾಧಿಯಲ್ಲ. ಆದರೆ ಯಾವ ಗುಂಪನ್ನು ಬೇರೆಯೆಂದು ಎಣಿಸಬೇಕು, ಯಾರನ್ನು ಊರ ಹೊರಗಿಡಬೇಕು ಎಂಬುದನ್ನು ಮನಸ್ಸು ತಾನಾಗಿ ಕಂಡುಹಿಡಿಯುವುದಿಲ್ಲ. ಅದನ್ನು ಸಮಾಜ ಹೇಳಿಕೊಡುತ್ತದೆ.

ಶಿರಸಿ ಭಟ್ರ ಸೊಸೆ

ಟೀಚರ್, ನೇರವಾಗಿ ಕೇಳುತ್ತೇನೆ, ಬೇಸರಿಸಬೇಡಿ. ಬಾಕ್ಸ್ ಸಿಕ್ಕ ಮೇಲೆ ಆ ಹುಡುಗನ ಬಳಿ ಕ್ಷಮೆ ಕೇಳಿದಿರಾ?

ಗಾದೆಪ್ರಿಯ

ಪ್ರಯೋಗಗಳು ಪ್ರಯೋಗಶಾಲೆಯಲ್ಲಿರಲಿ. ದಿನನಿತ್ಯದ ಬದುಕಿನಲ್ಲಿ ಸಾಮಾನ್ಯೀಕರಣವಿಲ್ಲದೆ ಒಂದು ಹೆಜ್ಜೆಯನ್ನೂ ಇಡಲಾಗದು. ಕತ್ತಲಲ್ಲಿ ಕಾಲಬುಡದಲ್ಲಿ ಹಾವು ಕಂಡರೆ ‘ನೀನು ವಿಷದ ಹಾವೋ, ಒಳ್ಳೆಯ ಹಾವೋ’ ಎಂದು ವಿಚಾರಿಸುತ್ತಾ ನಿಲ್ಲುವವರು ಯಾರಿದ್ದಾರೆ? ಹಿಂದಕ್ಕೆ ಹಾರುತ್ತೇವೆ. ಆ ಎಚ್ಚರಿಕೆಯೇ ನಮ್ಮ ಪೂರ್ವಜರನ್ನು ಉಳಿಸಿತು.

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರ

ಗಾದೆಪ್ರಿಯ ಅವರೇ, ಹಾವಿನ ಉದಾಹರಣೆಯನ್ನು ನೀವು ತೋಟದಲ್ಲಿ ದುಡಿಯುವವರ ಮುಂದೆ ಇಡಬಾರದಿತ್ತು. ನಮ್ಮ ತೋಟದಲ್ಲಿ ಕೇರೆ ಹಾವು ಕಂಡರೆ ಯಾರೂ ಕೋಲು ಎತ್ತುವುದಿಲ್ಲ. ಅದಕ್ಕೆ ವಿಷವಿಲ್ಲ, ಇಲಿಗಳನ್ನು ತಿಂದು ನಮ್ಮನ್ನು ಕಾಯುತ್ತದೆ ಎಂಬುದು ಇಲ್ಲಿಯ ಕೂಲಿಯಾಳುಗಳಿಗೂ ಮಕ್ಕಳಿಗೂ ಗೊತ್ತು. ನಾಗರ, ಕಟ್ಟುಹಾವು, ಕೊಳಕುಮಂಡಲ ಇವುಗಳ ಬಗ್ಗೆ ಮಾತ್ರ ನಾವು ಎಚ್ಚರದಿಂದಿರುತ್ತೇವೆ. ಪೇಟೆಯಿಂದ ಬಂದ ನೆಂಟರು ಮಾತ್ರ ಹಗ್ಗದಷ್ಟು ಸಣ್ಣದಾದ ಹಸಿರು ಹಾವನ್ನು ಕಂಡರೂ ‘ಹೊಡೆಯಿರಿ, ಹೊಡೆಯಿರಿ’ ಎಂದು ಕೂಗುತ್ತಾರೆ.

ಎಲ್ಲ ಹಾವೂ ಒಂದೇ ಎನ್ನುವುದು ಹಾವಿನ ಜೊತೆ ಬದುಕದವರ ಮಾತು. ಮನುಷ್ಯರ ವಿಷಯದಲ್ಲಿಯೂ ನನಗೆ ಹಾಗೆಯೇ ಅನ್ನಿಸುತ್ತದೆ. ಒಂದು ಕೇರಿಯ ಎಲ್ಲರೂ ಒಂದೇ ಬಗೆ ಎನ್ನುವವರು ಆ ಕೇರಿಯ ಒಂದು ಮನೆಯಲ್ಲಿಯೂ ಕುಳಿತು ನೀರು ಕುಡಿದಿರುವುದಿಲ್ಲ.

ನಿವೃತ್ತ ಹೆಡ್ ಕಾನ್‌ಸ್ಟೆಬಲ್

ನಾನು 33 ವರ್ಷ ಇಲಾಖೆಯಲ್ಲಿದ್ದವನು. ಇಲ್ಲಿ ಎಲ್ಲರೂ ಒಳ್ಳೆಯ ಮಾತುಗಳನ್ನಾಡುತ್ತಿದ್ದೀರಿ, ಆದರೆ ರಾತ್ರಿ ಕಳ್ಳತನವಾದರೆ ಬೆಳಿಗ್ಗೆ ಠಾಣೆಯ ಮುಂದೆ ನಿಂತು ‘ಆ ಕಾಲೊನಿಯವರನ್ನು ಹಿಡಿದು ತನ್ನಿ’ ಎಂದು ಕೂಗುವವರೂ ಊರಿನ ಒಳ್ಳೆಯ ಜನರೇ. ನಾವು ಮೊದಲು ಅಲ್ಲಿಗೇ ಹೋಗುತ್ತಿದ್ದೆವು. ಕೆಲವು ಸಲ ಮಾಲು ಸಿಗುತ್ತಿತ್ತು ಎಂಬುದೂ ಸತ್ಯ. ಪೂರ್ವಗ್ರಹ ಎನ್ನಿ, ಅನುಭವ ಎನ್ನಿ, ಪೊಲೀಸನಿಗೆ ಎಲ್ಲಿಂದಲಾದರೂ ಆರಂಭಿಸಲೇಬೇಕಲ್ಲ?

ಸೆಟ್ಲಮೆಂಟಿನ ಮೊಮ್ಮಗಳು (ಹುಬ್ಬಳ್ಳಿ)

ಹಿರಿಯರು ನೀವು, ಆದರೂ ಹೇಳುತ್ತೇನೆ. ಮಾಲು ಹುಡುಕಿದ ಕಡೆ ಮಾತ್ರ ಸಿಗುತ್ತದೆ. ಪ್ರತಿ ಸಲವೂ ನಮ್ಮ ಗುಡಿಸಲುಗಳನ್ನೇ ತಲೆಕೆಳಗು ಮಾಡಿದರೆ ಹತ್ತರಲ್ಲಿ ಒಮ್ಮೆ ನಮ್ಮಲ್ಲಿಯೇ ಏನಾದರೂ ಸಿಗುತ್ತದೆ, ಆ ಒಂದು ಸಲ ದಾಖಲೆಯಾಗುತ್ತದೆ, ಉಳಿದ ಒಂಬತ್ತು ಸಲ ಬಾಗಿಲು ಒದ್ದದ್ದು ಯಾವ ಪುಸ್ತಕದಲ್ಲಿಯೂ ಬರೆಯಲ್ಪಡುವುದಿಲ್ಲ. ಎಂದೂ ಹುಡುಕದ ಬೀದಿಯ ಹೆಸರು ಯಾವಾಗಲೂ ಶುದ್ಧವಾಗಿಯೇ ಇರುತ್ತದೆ. ಅದನ್ನು ನೀವು ಅನುಭವ ಎಂದು ಕರೆದಿರಿ.

ಹುಬ್ಬಳ್ಳಿಯಲ್ಲಿ ಸೆಟ್ಲಮೆಂಟ್ ಎಂಬ ಭಾಗವಿದೆ, ಗದಗ-ಬೆಟಗೇರಿಯಲ್ಲಿಯೂ ಇದೆ. ಆ ಹೆಸರು ಎಲ್ಲಿಂದ ಬಂತು ಎಂಬುದು ಅಲ್ಲಿ ಆಟೊ ಹತ್ತುವ ಬಹಳ ಜನರಿಗೆ ಗೊತ್ತಿಲ್ಲ. 1871ರಲ್ಲಿ ಬ್ರಿಟಿಷ್ ಸರ್ಕಾರ ಅಪರಾಧಿ ಬುಡಕಟ್ಟುಗಳ ಕಾಯ್ದೆಯನ್ನು ಮಾಡಿತು. ಮೊದಲು ಅದು ಉತ್ತರದ ಪ್ರಾಂತ್ಯಗಳಲ್ಲಿತ್ತು. 1911ರಲ್ಲಿ ನಮ್ಮ ಕಡೆಗೂ ಹರಡಿತು. 1924ರಲ್ಲಿ ಮತ್ತೊಮ್ಮೆ ಒಟ್ಟುಗೂಡಿಸಿ ಬಿಗಿಗೊಳಿಸಲಾಯಿತು. ಆ ಕಾಯ್ದೆಯ ಹಿಂದಿನ ತರ್ಕ ಏನು ಗೊತ್ತೇ? ಹಿಂದೂಸ್ಥಾನದಲ್ಲಿ ಬಡಗಿಯ ಮಗ ಬಡಗಿಯಾಗುತ್ತಾನೆ, ನೇಕಾರನ ಮಗ ನೇಕಾರನಾಗುತ್ತಾನೆ, ಹಾಗಾದ ಮೇಲೆ ಕಳ್ಳತನವನ್ನೇ ಕುಲಕಸುಬು ಮಾಡಿಕೊಂಡ ಜಾತಿಗಳೂ ಇರಲೇಬೇಕು ಎಂಬುದು. ಟೀಚರ್, ನಿಮ್ಮ ಗಾದೆಯನ್ನೇ ಅವರು ಕಾನೂನಿನ ಭಾಷೆಯಲ್ಲಿ ಬರೆದರು. ಅಚ್ಚು ನಮ್ಮ ಜಾತಿ ಪದ್ಧತಿಯದು, ಮೊಹರು ಅವರದು.

ನಮ್ಮ ಹಿರಿಯರು ಎತ್ತು, ಕತ್ತೆಗಳ ಮೇಲೆ ಉಪ್ಪು ಮತ್ತು ದವಸ ಹೇರಿಕೊಂಡು ಕರಾವಳಿಯಿಂದ ಒಳನಾಡಿಗೆ ವ್ಯಾಪಾರ ಮಾಡುತ್ತಿದ್ದರು, ಬುಟ್ಟಿ ಹೆಣೆಯುತ್ತಿದ್ದರು, ಹೆಂಗಸರು ಹಚ್ಚೆ ಹಾಕುತ್ತಿದ್ದರು. ರೈಲು ಬಂದು ಹೇರಿನ ವ್ಯಾಪಾರವನ್ನು ಕಿತ್ತುಕೊಂಡಿತು, ಉಪ್ಪಿನ ಮೇಲಿನ ಕಾನೂನುಗಳು ಉಳಿದದ್ದನ್ನೂ ಕಿತ್ತುಕೊಂಡವು. ಕೆಲಸವಿಲ್ಲದೆ ಊರೂರು ಅಲೆಯುವವರನ್ನು ಕಂಡ ಅಧಿಕಾರಿಗಳಿಗೆ ಅವರು ಯಾಕೆ ಅಲೆಯುತ್ತಿದ್ದಾರೆ ಎಂಬ ಪ್ರಶ್ನೆ ಹುಟ್ಟಲಿಲ್ಲ. ಹೆಸರು ನೋಂದಾಯಿಸಿ, ಬೆರಳಚ್ಚು ತೆಗೆದುಕೊಂಡು, ಸೆಟ್ಲಮೆಂಟ್ ಎಂಬ ಕಾವಲಿನ ವಸತಿಗಳಲ್ಲಿ ಇರಿಸಿ, ಹಾಜರಿ ಕೂಗಿ, ಊರು ಬಿಡಲು ಚೀಟಿ ಕೊಡುವ ವ್ಯವಸ್ಥೆ ಮಾಡಿದರು. ಅಪರಾಧ ಮಾಡಿದ್ದಕ್ಕೆ ಹೆಸರು ಬರೆದುಕೊಂಡದ್ದಲ್ಲ, ಹುಟ್ಟಿದ್ದಕ್ಕೆ ಬರೆದುಕೊಂಡದ್ದು.

ದೇಶ ಸ್ವತಂತ್ರವಾಗಿ ಐದು ವರ್ಷಗಳ ಮೇಲೆ, 1952ರ ಆಗಸ್ಟ್ 31ರಂದು, ಆ ಕಾಯ್ದೆ ಹೋಯಿತು. ನಮ್ಮಜ್ಜಿ ತೀರಿಕೊಂಡದ್ದು ಅದಾಗಿ ಎಷ್ಟೋ ದಶಕಗಳ ಮೇಲೆ. ಕೊನೆಯವರೆಗೂ ಅವಳು ಪಕ್ಕದ ಊರಿನ ಜಾತ್ರೆಗೆ ಹೊರಟರೂ ರೇಷನ್ ಕಾರ್ಡನ್ನು ಮಡಚಿ ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಿದ್ದಳು. ‘ಯಾರಾದರೂ ಕೇಳಿದರೆ ತೋರಿಸಬೇಕಲ್ಲ’ ಎನ್ನುತ್ತಿದ್ದಳು. ಯಾರೂ ಕೇಳುವುದಿಲ್ಲ ಅಜ್ಜಿ ಎಂದು ನಾವು ಹೇಳಿದರೆ ನಂಬುತ್ತಿರಲಿಲ್ಲ.

ಬೆಳವಲದವ

ನಾನು ಗದಗದಲ್ಲಿಯೇ ಬೆಳೆದವನು, ಅಕ್ಕ. ಆ ಬಸ್ ಸ್ಟಾಪಿನ ಹೆಸರನ್ನು ಸಾವಿರ ಸಲ ಹೇಳಿದ್ದೇನೆ. ಅದರ ಅರ್ಥ ಇವತ್ತು ತಿಳಿಯಿತು.

ಅಚ್ಚುಕೂಟದವನ ಮಗ

ಚರ್ಚೆಗೆ ಸಂಬಂಧಪಟ್ಟ ಒಂದು ಮಾತನ್ನು ಸೇರಿಸುತ್ತೇನೆ. ಸಿದ್ಧಮಾದರಿ, ಪಡಿಯಚ್ಚು ಎಂದು ನಾವು ಕನ್ನಡದಲ್ಲಿ ಹೇಳುವ ಸ್ಟೀರಿಯೊಟೈಪ್ ಎಂಬ ಪದ ಮೂಲತಃ ಮುದ್ರಣಾಲಯದ್ದು. ಜನರ ಬಗೆಗಿನ ಸಿದ್ಧ ಚಿತ್ರ ಎಂಬ ಅರ್ಥವನ್ನು 1922ರಲ್ಲಿ ವಾಲ್ಟರ್ ಲಿಪ್‌ಮನ್ ಎಂಬ ಅಮೆರಿಕದ ಪತ್ರಕರ್ತರು ಅದಕ್ಕೆ ಕೊಟ್ಟರು.

ನಮ್ಮ ತಂದೆಯವರದು ಮೊಳೆ ಜೋಡಿಸುವ ಹಳೆಯ ಪ್ರೆಸ್ಸು. ಬಿಡಿ ಮೊಳೆಗಳಿಂದ ಪುಟ ಕಟ್ಟಿದಾಗ ಒಂದು ಅಕ್ಷರ ತಪ್ಪಿದರೆ ಚಿಮುಟದಿಂದ ಅದೊಂದನ್ನೇ ಕಿತ್ತು ಬೇರೆ ಮೊಳೆ ಇಡಬಹುದು. ನಾನು ಚಿಕ್ಕವನಿದ್ದಾಗ ಅವರು ಎಡಗೈಯಲ್ಲಿ ಕರಡು ಹಿಡಿದು, ಬಲಗೈಯಲ್ಲಿ ಹಾಗೆ ಕಿತ್ತು ಇಡುವುದನ್ನು ನೋಡುತ್ತಾ ಕೂರುತ್ತಿದ್ದೆ. ಸ್ಟೀರಿಯೊ ತಗಡಿನಲ್ಲಿ ಹಾಗೆ ಮಾಡಲಾಗುವುದಿಲ್ಲ. ಜೋಡಿಸಿದ ಪುಟದ ಮೇಲೆ ಕಾಗದದ ಮುದ್ದೆಯನ್ನು ಒತ್ತಿ ಅಚ್ಚು ತೆಗೆದು, ಅದಕ್ಕೆ ಕರಗಿದ ಲೋಹವನ್ನು ಸುರಿದು ಇಡೀ ಪುಟವನ್ನು ಒಂದೇ ತಗಡಾಗಿ ಎರಕ ಹೊಯ್ಯುತ್ತಾರೆ. ಮೂಲ ಪುಟದಲ್ಲಿ ತಪ್ಪಿದ್ದರೆ ಅದು ಪ್ರತಿಯೊಂದು ಪ್ರತಿಯಲ್ಲಿಯೂ ಬರುತ್ತದೆ.

ಗಾದೆಪ್ರಿಯ ಅವರೇ, ನಿಮ್ಮ ಮಾತಿಗೆ ನನ್ನ ತಕರಾರು ಇಲ್ಲಿದೆ. ಗಾದೆ ಅನುಭವದಿಂದಲೇ ಹುಟ್ಟಿರಬಹುದು, ಆದರೆ ಅದು ಎರಕವಾದ ಮೇಲೆ ಹೊಸ ಅನುಭವ ಅದರೊಳಗೆ ಬರಲು ಜಾಗವಿರುವುದಿಲ್ಲ. ಟೀಚರ್ ಅವರ ತರಗತಿಯಲ್ಲಿ ಆ ಹುಡುಗನ ಚೀಲದಲ್ಲಿ ಬಾಕ್ಸ್ ಸಿಗಲಿಲ್ಲ ಎಂಬುದು ಹೊಸ ಅನುಭವ. ಅದು ಯಾರ ಗಾದೆಯನ್ನು ತಿದ್ದಿತು?

ಕಲಬುರಗಿ ಟು ಬೆಂಗಳೂರು

ಸಿದ್ಧಮಾದರಿಯ ವಿಷಯ ಬಂದದ್ದರಿಂದ ಹೇಳುತ್ತೇನೆ. ನಾನು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಮೊದಲ ವಾರವೇ ಸಹೋದ್ಯೋಗಿಯೊಬ್ಬರು ‘ನಿಮ್ಮ ಕಡೆಯ ಭಾಷೆ ಸ್ವಲ್ಪ ಒರಟು, ಗ್ರಾಹಕರ ಜೊತೆ ಮಾತನಾಡುವಾಗ ಜಾಗ್ರತೆ’ ಎಂದರು. ನಮ್ಮ ಮನೆಯಲ್ಲಿ ಮಕ್ಕಳಿಗೂ ‘ಬರ್ರಿ, ಕೂಡ್ರಿ’ ಎಂದು ಬಹುವಚನದಲ್ಲಿ ಮಾತನಾಡಿಸುವ ರೂಢಿಯಿದೆ. ಅದರಲ್ಲಿ ಒರಟುತನ ಎಲ್ಲಿದೆ ಎಂದು ಇವತ್ತಿಗೂ ಅರ್ಥವಾಗಿಲ್ಲ. ಅವರು ನಮ್ಮ ಮಾತನ್ನು ಕೇಳಿದ್ದು ಸಿನಿಮಾದ ಹಾಸ್ಯ ದೃಶ್ಯಗಳಲ್ಲಿ ಮಾತ್ರ.

ಮಂಗಳೂರು ಮಾವ

ನಮಗೂ ಅದೇ ಅವಸ್ಥೆ. ನಾವು ಬಾಯಿ ತೆರೆದರೆ ‘ಪುಸ್ತಕದ ಕನ್ನಡ’ ಎಂದು ನಗುತ್ತಾರೆ. ಮಾತಿನಲ್ಲಿ ‘ಮಾರಾಯ’ ಬಾರದಿದ್ದರೆ ಇವರು ಮಂಗಳೂರಿನವರೇ ಅಲ್ಲ ಎನ್ನುತ್ತಾರೆ.

ಶಿರಸಿ ಭಟ್ರ ಸೊಸೆ

ಭಾಷೆಯ ನೋವು ನಿಜವಾದದ್ದೇ, ಅದಕ್ಕೊಂದು ಬೇರೆ ಚರ್ಚೆ ಆರಂಭಿಸಿದರೆ ನಾನೂ ಬರೆಯುತ್ತೇನೆ. ಆದರೆ ಮಾತಿನ ಧಾಟಿಯನ್ನು ಕಂಡು ನಗುವುದಕ್ಕೂ, ಹುಟ್ಟನ್ನು ಕಂಡು ಚೀಲ ಬಿಚ್ಚಿಸುವುದಕ್ಕೂ ವ್ಯತ್ಯಾಸವಿದೆ. ಅಭ್ಯಾಸ ಒಂದೇ ಇರಬಹುದು, ಬೀಳುವ ಪೆಟ್ಟು ಒಂದೇ ಅಲ್ಲ. ಟೀಚರ್ ನನ್ನ ಪ್ರಶ್ನೆಗೆ ಇನ್ನೂ ಉತ್ತರಿಸಿಲ್ಲ.

ಕನ್ನಡ ಟೀಚರ್ (ತುಮಕೂರು ಜಿಲ್ಲೆ)

ಉತ್ತರಿಸುತ್ತೇನೆ ಅಕ್ಕ. ಬಾಕ್ಸ್ ಸಿಕ್ಕಿದ ದಿನ ಅವನನ್ನು ಸ್ಟಾಫ್ ರೂಮಿಗೆ ಕರೆದು ‘ಬೇಜಾರು ಮಾಡಿಕೊಳ್ಳಬೇಡಪ್ಪ’ ಎಂದೆ. ಅವನು ತಲೆಯಾಡಿಸಿ ಹೋದ. ಅದನ್ನು ಕ್ಷಮೆ ಎಂದು ಕರೆಯಲು ಈಗ ನನಗೆ ಧೈರ್ಯವಿಲ್ಲ. ಚೀಲ ಬಿಚ್ಚಿಸಿದ್ದು ಎಲ್ಲರ ಮುಂದೆ, ಬೇಜಾರಾಗಬೇಡ ಎಂದದ್ದು ಬಾಗಿಲ ಹಿಂದೆ.

ಗಾದೆಪ್ರಿಯ

ಟೀಚರ್, ಅಷ್ಟು ಹಳಹಳಿಸುವ ಅಗತ್ಯವಿಲ್ಲ. ಮಕ್ಕಳು ಬೇಗ ಮರೆಯುತ್ತಾರೆ. ತರಗತಿಯ ಮುಂದೆ ಮತ್ತೆ ಆ ವಿಷಯವನ್ನು ಎತ್ತಿದರೆ ಅವನಿಗೇ ಮುಜುಗರ.

ಮೈಸೂರಿನ ಮನಶ್ಶಾಸ್ತ್ರ ವಿದ್ಯಾರ್ಥಿನಿ

ಮರೆಯುವುದಿಲ್ಲ ಸರ್. ಇದಕ್ಕೆ ನಮ್ಮ ದೇಶದ್ದೇ ಒಂದು ಅಧ್ಯಯನವಿದೆ. ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಎಂಬ ಸಂಶೋಧಕಿಯರು ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಆರು, ಏಳನೆಯ ತರಗತಿಯ ಹುಡುಗರಿಗೆ ದಾರಿ ಹುಡುಕುವ ಚಿತ್ರದ ಒಗಟುಗಳನ್ನು ಕೊಟ್ಟರು. ಮಕ್ಕಳ ಪತ್ರಿಕೆಗಳಲ್ಲಿ ‘ಇಲಿಗೆ ದಾರಿ ತೋರಿಸಿ’ ಎಂದು ಬರುತ್ತದಲ್ಲ, ಅಂತಹವು. ಸರಿಯಾಗಿ ಬಿಡಿಸಿದ ಪ್ರತಿಯೊಂದಕ್ಕೂ ಹಣ ಸಿಗುತ್ತಿತ್ತು. ಯಾರ ಜಾತಿಯನ್ನೂ ಹೇಳದೆ ಇದ್ದಾಗ ಮೇಲ್ಜಾತಿಯ ಹುಡುಗರೂ ದಲಿತ ಹುಡುಗರೂ ಸರಿಸುಮಾರು ಒಂದೇ ಮಟ್ಟದಲ್ಲಿ ಬಿಡಿಸಿದರು. ಪ್ರತಿ ಹುಡುಗನ ಹೆಸರು, ತಂದೆ ಮತ್ತು ಅಜ್ಜನ ಹೆಸರು, ಊರು, ಜಾತಿ ಎಲ್ಲವನ್ನೂ ಎಲ್ಲರ ಮುಂದೆ ಓದಿ ಹೇಳಿದ ಮೇಲೆ ದಲಿತ ಹುಡುಗರು ಬಿಡಿಸಿದ ಒಗಟುಗಳ ಸಂಖ್ಯೆ ಇಳಿದುಹೋಯಿತು. ಬುದ್ಧಿ ಅದೇ, ಕೈ ಅದೇ, ಪೆನ್ಸಿಲ್ ಅದೇ.

ನೀವು ಹಾವಿನ ಮಾತು ಹೇಳಿದಿರಿ. ಹಾವನ್ನು ನಾವು ಏನೆಂದು ಕರೆದರೂ ಅದರ ಹಲ್ಲಿನ ವಿಷ ಹೆಚ್ಚುವುದೂ ಇಲ್ಲ, ಕಡಿಮೆಯಾಗುವುದೂ ಇಲ್ಲ. ಮನುಷ್ಯನ ವಿಷಯ ಹಾಗಲ್ಲ. ನಾವು ಅವನ ಬಗ್ಗೆ ಏನು ಎಣಿಸಿದ್ದೇವೆ ಎಂಬುದು ಅವನಿಗೆ ತಿಳಿದಿರುತ್ತದೆ, ಆ ತಿಳಿವಳಿಕೆಯೇ ಅವನ ಕೈಯನ್ನು ತಡೆಯುತ್ತದೆ. ಆಮೇಲೆ ಅವನು ಹಿಂದೆ ಬಿದ್ದದ್ದನ್ನು ತೋರಿಸಿ ‘ನೋಡಿ, ಹೇಳಿದ್ದೆವಲ್ಲ’ ಎನ್ನುತ್ತೇವೆ.

ದಾವಣಗೆರೆ ಬೆಣ್ಣೆ

ಇಷ್ಟೆಲ್ಲ ತಲೆಕೆಡಿಸಿಕೊಳ್ಳುವ ಬದಲು ಮಕ್ಕಳನ್ನು ಒಟ್ಟಿಗೆ ಕೂರಿಸಿ, ಒಟ್ಟಿಗೆ ಉಣ್ಣಿಸಿದರೆ ಸಾಕು. 2002ರಲ್ಲಿ ಆರಂಭವಾದ ಅಕ್ಷರ ದಾಸೋಹ, ಅಂದರೆ ಶಾಲೆಯ ಬಿಸಿಯೂಟದ ಯೋಜನೆ, ಆ ಕೆಲಸವನ್ನು ಮಾಡುತ್ತಿದೆ. ಒಂದೇ ಸಾಲಿನಲ್ಲಿ ಕುಳಿತು ಉಂಡ ಮಕ್ಕಳು ದೊಡ್ಡವರಾದ ಮೇಲೆ ಭೇದ ಮಾಡುವುದಿಲ್ಲ.

ಸೆಟ್ಲಮೆಂಟಿನ ಮೊಮ್ಮಗಳು (ಹುಬ್ಬಳ್ಳಿ)

ಬಿಸಿಯೂಟದಿಂದ ಬಹಳ ಒಳ್ಳೆಯದಾಗಿದೆ, ನಾನೂ ಉಂಡು ಬೆಳೆದವಳು. ಆದರೆ ದಲಿತ ಹೆಂಗಸು ಅಡುಗೆ ಮಾಡಿದರೆ ಮಕ್ಕಳಿಗೆ ಊಟ ಬೇಡ ಎಂದು ಹೇಳಿ ಕಳಿಸುವ ತಂದೆತಾಯಿಗಳ ಸುದ್ದಿಯನ್ನೂ ನಾವು ಓದುತ್ತಲೇ ಇದ್ದೇವೆ. ಆ ಹುಡುಗನ ಚೀಲದಲ್ಲಿಯೂ ಬಿಸಿಯೂಟದ ತಟ್ಟೆಯಿತ್ತು ಎಂದು ಟೀಚರ್ ಬರೆದಿದ್ದಾರೆ, ಗಮನಿಸಿ. ಅವನು ದಿನವೂ ಅದೇ ಸಾಲಿನಲ್ಲಿ ಕುಳಿತು ಉಣ್ಣುತ್ತಿದ್ದ.

ಮೈಸೂರಿನ ಮನಶ್ಶಾಸ್ತ್ರ ವಿದ್ಯಾರ್ಥಿನಿ

ಅಕ್ಕ ಹೇಳಿದ್ದು ಸರಿ. ಗಾರ್ಡನ್ ಆಲ್‌ಪೋರ್ಟ್ ಎಂಬ ಮನಶ್ಶಾಸ್ತ್ರಜ್ಞರು 1954ರಲ್ಲಿಯೇ ಇದನ್ನು ಹೇಳಿದ್ದರು. ಬರಿಯ ಒಡನಾಟ ಸಾಲದು. ಒಟ್ಟಿಗೆ ಇರುವವರಿಗೆ ಸಮಾನ ಸ್ಥಾನವಿರಬೇಕು, ಒಂದೇ ಗುರಿಗಾಗಿ ಕೂಡಿ ದುಡಿಯುವಂತಿರಬೇಕು, ಮೇಲಿನವರು ಆ ಸಮಾನತೆಯನ್ನು ಎತ್ತಿಹಿಡಿಯಬೇಕು. ತರಗತಿಯಲ್ಲಿ ಮೇಲಿನವರು ಎಂದರೆ ಟೀಚರ್. ಅವರು ಒಬ್ಬನ ಚೀಲವನ್ನು ಮಾತ್ರ ಬಿಚ್ಚಿಸಿದ ದಿನ ಉಳಿದ ನಲವತ್ತೊಂದು ಮಕ್ಕಳು ಒಂದು ಪಾಠ ಕಲಿತರು. ಆ ಉತ್ತರ ಬರೆದ ಹುಡುಗ ಅದನ್ನು ಗಾದೆಯಿಂದ ಕಲಿತನೋ, ಆ ದಿನದಿಂದ ಕಲಿತನೋ ಎಂಬುದನ್ನು ಯೋಚಿಸಬೇಕು. ಕಟುವಾಗಿದ್ದರೆ ಕ್ಷಮಿಸಿ ಟೀಚರ್.

ನಿವೃತ್ತ ಹೆಡ್ ಕಾನ್‌ಸ್ಟೆಬಲ್

ಎರಡು ದಿನ ಇಲ್ಲಿಯ ಮಾತುಗಳನ್ನು ಓದುತ್ತಿದ್ದೆ. ಸೆಟ್ಲಮೆಂಟಿನ ತಂಗಿಗೆ ಒಂದು ಘಟನೆಯನ್ನು ಹೇಳಬೇಕೆನಿಸಿತು. ನಾನು ಕೆಲಸಕ್ಕೆ ಸೇರಿದ ಆರಂಭದ ವರ್ಷಗಳಲ್ಲಿ ಒಂದು ದೊಡ್ಡ ಮನೆಯಲ್ಲಿ ಒಡವೆ ಹೋಯಿತು. ಬೀಗ ಒಡೆದಿರಲಿಲ್ಲ, ಬೀರು ಕೀಲಿಯಿಂದಲೇ ತೆರೆದಿತ್ತು. ಆದರೂ ನಾವು ಹೋದದ್ದು ಕಾಲೊನಿಗೆ. ಇಬ್ಬರನ್ನು ಕರೆತಂದು ಮೂರು ದಿನ ಕೂರಿಸಿದೆವು. ಕೂರಿಸಿದೆವು ಎಂದು ಬರೆದಿದ್ದೇನೆ, ಅದರ ಅರ್ಥ ಈ ಕೆಲಸ ಬಲ್ಲವರಿಗೆ ಗೊತ್ತು. ನಾಲ್ಕನೆಯ ದಿನ ಒಡವೆ ಒತ್ತೆ ಅಂಗಡಿಯಲ್ಲಿ ಸಿಕ್ಕಿತು, ಇಟ್ಟವನು ಆ ಮನೆಯ ಅಳಿಯ. ಮನೆಯವರು ದೂರನ್ನು ಹಿಂದಕ್ಕೆ ಪಡೆದರು. ಆ ಇಬ್ಬರನ್ನು ಬಿಟ್ಟು ಕಳಿಸುವಾಗ ಅವರಲ್ಲಿ ಹಿರಿಯನಾದವನು ನಮ್ಮ ಸಾಹೇಬರಿಗೆ ಕೈಮುಗಿದ.

ಕೀಲಿಯಿಂದ ತೆರೆದ ಬೀರು ನನ್ನ ಕಣ್ಣೆದುರೇ ಇತ್ತು. ನಾನು ಕಂಡಿದ್ದೆ, ಆದರೆ ಅದರ ಅರ್ಥ ಆಗ ಹೊಳೆಯಲಿಲ್ಲ. ಅನುಭವದಿಂದ ನಡೆದೆವು ಎಂದು ನಾನು ಮೊದಲು ಬರೆದಿದ್ದೆನಲ್ಲ, ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಆ ದಿನ ಅನುಭವ ಬೀರುವಿನ ಬಾಗಿಲಲ್ಲಿ ನಿಂತಿತ್ತು, ನಾವು ಅದನ್ನು ದಾಟಿಕೊಂಡು ಹೋದೆವು.

ಸೆಟ್ಲಮೆಂಟಿನ ಮೊಮ್ಮಗಳು (ಹುಬ್ಬಳ್ಳಿ)

ಬರೆದದ್ದಕ್ಕೆ ಧನ್ಯವಾದಗಳು ಅಣ್ಣಾರೇ. ನಮ್ಮ ಕಡೆಯಿಂದ ಈ ಕಥೆಯನ್ನು ಎಷ್ಟೋ ಸಲ ಕೇಳಿದ್ದೇನೆ, ಆ ಕಡೆಯಿಂದ ಹೇಳಿದವರು ನೀವೇ ಮೊದಲು.

ಇದು ಹಳೆಯ ಕಾಲದ ಮಾತು ಎಂದು ಯಾರೂ ಮುಗಿಸಿಬಿಡಬಾರದೆಂದು ಒಂದು ವಿಷಯ ಸೇರಿಸುತ್ತೇನೆ. 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟು ಜೈಲುಗಳ ಕೈಪಿಡಿಗಳಲ್ಲಿದ್ದ ಜಾತಿ ಆಧಾರಿತ ನಿಯಮಗಳನ್ನು ರದ್ದುಪಡಿಸಿತು. ಇಂತಹ ಜಾತಿಯವರಿಗೆ ಅಡುಗೆ ಕೆಲಸ, ಇಂತಹವರಿಗೆ ಕಸ ಗುಡಿಸುವ ಕೆಲಸ ಎಂದು ಕೆಲವು ರಾಜ್ಯಗಳ ಕೈಪಿಡಿಗಳಲ್ಲಿ ಅಲ್ಲಿಯವರೆಗೂ ಇತ್ತು; ವಿಮುಕ್ತ ಬುಡಕಟ್ಟುಗಳವರನ್ನು, ಅಂದರೆ ಆ ಹಳೆಯ ಕಾಯ್ದೆಯ ಪಟ್ಟಿಯಿಂದ ಬಿಡುಗಡೆಯಾದ ನಮ್ಮಂಥವರನ್ನು, ಹುಟ್ಟಿನಿಂದಲೇ ಅಪರಾಧದ ಚಾಳಿಯವರೆಂದು ನೋಡುವ ನಿಯಮಗಳೂ ಇದ್ದವು. ಕಾಯ್ದೆ ಹೋಗಿ 72 ವರ್ಷಗಳಾದ ಮೇಲೂ ಅದರ ಎರಕ ಕೈಪಿಡಿಯಲ್ಲಿ ಉಳಿದಿತ್ತು.

ಗಾದೆಪ್ರಿಯ

ನನ್ನ ಮಾತಿಗೆ ಇಷ್ಟು ಜನ ಉತ್ತರಿಸಿದ್ದೀರಿ, ನಾನೂ ಸುಮ್ಮನಿರಬಾರದು. ಕಾಯ್ದೆಯ ಹಿಂದಿನ ತರ್ಕವನ್ನು ಓದಿದ ಮೇಲೆ ಈ ಗಾದೆ ಬರಿಯ ವ್ಯಕ್ತಿಯ ಸ್ವಭಾವದ ಮಾತು ಎಂದು ನಾನು ಮೊದಲಿನಂತೆ ವಾದಿಸಲಾರೆ. ‘ಗುಣ’ ಎಂಬ ಪದದ ಮುಂದೆ ‘ಹುಟ್ಟು’ ಎಂಬ ಪದ ಕುಳಿತಿರುವುದನ್ನು ನಾನು ಇಷ್ಟು ವರ್ಷ ಹೀಗೆ ಓದಿರಲಿಲ್ಲ.

ಆದರೆ ಪಾಠದಿಂದ ತೆಗೆಯಬಾರದು ಎಂಬ ನನ್ನ ನಿಲುವನ್ನು ಬದಲಿಸುವುದಿಲ್ಲ. ತೆಗೆದರೆ ಮಕ್ಕಳು ಅದನ್ನು ಜಗಲಿಯಲ್ಲಿ, ಅಂಗಡಿ ಕಟ್ಟೆಯಲ್ಲಿ ಕಲಿಯುತ್ತಾರೆ, ಅಲ್ಲಿ ಎದುರು ಕೇಳುವವರು ಯಾರೂ ಇರುವುದಿಲ್ಲ. ಅದರ ಬದಲು ಬೆಳವಲದವರು ಹೇಳಿದ ಹಾಗೆ ಸನ್ಯಾಸಿಯ ಗಾದೆಯನ್ನೂ ಪಕ್ಕದಲ್ಲಿಟ್ಟು, ಎರಡರಲ್ಲಿ ಯಾವುದನ್ನು ಯಾರ ಬಗ್ಗೆ ಬಳಸುತ್ತೇವೆ, ಯಾಕೆ ಬಳಸುತ್ತೇವೆ ಎಂದು ಬರೆಸಿ. ‘ವೇದ ಸುಳ್ಳಾದರೂ ಗಾದೆ ಸುಳ್ಳಾಗದು’ ಎಂಬ ಪೀಠಿಕೆಯನ್ನು ಮಾತ್ರ ಬಿಡಿಸಿಬಿಡಿ. ಅದು ಉತ್ತರವನ್ನು ಆರಂಭಿಸುವ ಮೊದಲೇ ಪ್ರಶ್ನೆಯನ್ನು ಮುಚ್ಚಿಬಿಡುತ್ತದೆ.

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರ

ಇದಕ್ಕೆ ನನ್ನ ಒಪ್ಪಿಗೆಯಿದೆ.

ಕನ್ನಡ ಟೀಚರ್ (ತುಮಕೂರು ಜಿಲ್ಲೆ)

ಎಲ್ಲರಿಗೂ ಉತ್ತರಿಸಲು ತಡವಾಯಿತು. ಮೊದಲು ಮಾಡಬೇಕಾದ ಕೆಲಸವನ್ನು ಮಾಡಿ ಆಮೇಲೆ ಬರೆಯೋಣ ಎಂದುಕೊಂಡೆ.

ಸೋಮವಾರ ಮೊದಲ ಅವಧಿಯಲ್ಲಿ ಹಾಜರಿ ಕೂಗಿದ ಮೇಲೆ ನಿಂತುಕೊಂಡೇ ಹೇಳಿದೆ. ಆ ದಿನ ಒಬ್ಬನ ಚೀಲವನ್ನು ಮಾತ್ರ ಬಿಚ್ಚಿಸಿದ್ದು ತಪ್ಪು, ಅವನು ಎಲ್ಲಿಂದ ಬರುತ್ತಾನೆ ಎಂಬುದನ್ನು ನೋಡಿ ಹಾಗೆ ಮಾಡಿದೆ, ಅದಕ್ಕೆ ಬೇರೆ ಕಾರಣವಿರಲಿಲ್ಲ, ಅವನ ಬಳಿ ಕ್ಷಮೆ ಕೇಳುತ್ತೇನೆ ಎಂದೆ. ಹಾಜರಿ ಪುಸ್ತಕ ಕೈಯಲ್ಲಿದ್ದಾಗ ಸೆಟ್ಲಮೆಂಟಿನ ಅಜ್ಜಿಯ ನೆನಪಾಯಿತು. ಬಾಕ್ಸ್ ಕಳೆದುಕೊಂಡಿದ್ದ ಹುಡುಗಿ ತಾನಾಗಿ ಎದ್ದು, ‘ಟೀಚರ್, ನಾನೂ ಅವನ ಹೆಸರನ್ನೇ ಹೇಳಿದ್ದೆ’ ಎಂದಳು. ಆಮೇಲೆ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಎರಡೂ ಗಾದೆಗಳನ್ನು ಬೋರ್ಡಿನ ಮೇಲೆ ಅಕ್ಕಪಕ್ಕದಲ್ಲಿ ಬರೆದು ಮಂಗಳವಾರಕ್ಕೆ ಕೊಟ್ಟಿದ್ದೇನೆ, ಉತ್ತರಗಳು ಬರಲಿ.

ಮಧ್ಯಾಹ್ನ ಊಟದ ಬಿಡುವಿನಲ್ಲಿ ಹುಡುಗ ತೊಳೆದ ತಟ್ಟೆಯನ್ನು ಹಿಡಿದುಕೊಂಡು ಸ್ಟಾಫ್ ರೂಮಿನ ಬಾಗಿಲಿಗೆ ಬಂದ. ‘ಟೀಚರ್, ಇವತ್ತು ಹೇಳಿದ್ದನ್ನು ನಮ್ಮಪ್ಪನ ಹತ್ತಿರವೂ ಹೇಳ್ತೀರಾ?’ ಎಂದು ಕೇಳಿದ. ಚೀಲ ಬಿಚ್ಚಿಸಿದ ಸುದ್ದಿ ಅದೇ ಸಂಜೆ ಗುಡಿಸಲಿಗೆ ತಲುಪಿತ್ತಂತೆ. ಟೀಚರ್ ಸುಮ್ಮನೆ ಅನುಮಾನಪಡುವುದಿಲ್ಲ ಎಂದು ಹೇಳಿ ತಂದೆ ಅವನಿಗೆ ಹೊಡೆದಿದ್ದಾರೆ. ಬಾಕ್ಸ್ ಸಿಕ್ಕಿದೆ ಎಂದು ಇವನು ಹೇಳಿದ್ದನ್ನು ಅವರು ಇನ್ನೂ ನಂಬಿಲ್ಲ.

ನಾಳೆ ಶಾಲೆ ಬಿಟ್ಟ ಮೇಲೆ ಅವನ ಜೊತೆಯಲ್ಲಿಯೇ ಅವರ ಮನೆಗೆ ಹೋಗುತ್ತಿದ್ದೇನೆ. ಆ ಹುಡುಗಿಯೂ ಬರುತ್ತೇನೆ ಎಂದಿದ್ದಾಳೆ.